ಖಾಲಿ ಬಂದಿದ್ರೆ ಯಾರೂ ಬೈತಿರಲಿಲ್ಲ

ಹೋದ ತಿಂಗಳು ಪಾಂಡವಪುರದ ಹತ್ತಿರ ಹೊನಲು ಬೆಳಕಿನ ಕಬಡ್ಡಿ ಇತ್ತು. ನಮ್ಮ ಕೆ.ಆರ್.ಪೇಟೆ ಕಡೆಯ ಟೀಮಿನಲ್ಲಿ ಚಿಕ್ಕಪ್ಪನ ಮಗ ರೇಡರ್. ಮ್ಯಾಚ್ ಮುಗಿಯಲು ಎರಡೇ ನಿಮಿಷ, ನಾವು ಮೂರು ಪಾಯಿಂಟ್ ಹಿಂದೆ. ಅವನು ರೇಡ್‌ಗೆ ಹೊರಟಾಗ ಹಿರಿಯರೆಲ್ಲ ಕೂಗಿದರು, "ಲೇ, ಗೆರೆ ದಾಟಿ ಸುಮ್ನೆ ವಾಪಸ್ ಬಾರ್ಲಾ!" ಅವನು ಕೇಳಲಿಲ್ಲ. ಮೂಲೆಯವನನ್ನು ಮುಟ್ಟಲು ಹೋಗಿ ಸಿಕ್ಕಿಬಿದ್ದ. ಸೋತೆವು. "ಇವ್ನೇ ಕಳ್ದಾಕ್ಬುಟ್ಟ" ಅಂತ ಊರೆಲ್ಲ ಮಾತು. ನಾನೂ ಬೈದೆ.

ಅದೇ ವಾರ ಅಮೆರಿಕದ ಸಹೋದ್ಯೋಗಿಯೊಬ್ಬರು ಮಾತಿನ ಮಧ್ಯೆ ಅವರ ಫುಟ್‌ಬಾಲ್ ಕೋಚ್ ಕೆವಿನ್ ಕೆಲ್ಲಿ ಬಗ್ಗೆ ಹೇಳಿದರು. ಆ ಆಟದಲ್ಲಿ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ, ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಡುವುದು ವಾಡಿಕೆ. ಅದಕ್ಕೆ ಪಂಟ್ ಅಂತಾರೆ. ಆರ್ಕನ್ಸಾ ರಾಜ್ಯದ ಪುಲಾಸ್ಕಿ ಅಕಾಡೆಮಿ ಎಂಬ ಶಾಲೆಯಲ್ಲಿ ಕೆಲ್ಲಿ ಪಂಟ್ ಮಾಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟರು. ಪಾಯಿಂಟ್ ಗಳಿಸಿದ ಮೇಲೂ ಚೆಂಡನ್ನು ಹತ್ತಿರಕ್ಕೇ ಒದ್ದು, ತಮ್ಮ ಹುಡುಗರೇ ಅದನ್ನು ಹಿಡಿಯಲು ಓಡುವಂತೆ ಮಾಡಿದರು. ಹುಚ್ಚು ಅಂದವರೇ ಜಾಸ್ತಿ. ಆ ಶಾಲೆ ಅವರ ಕಾಲದಲ್ಲಿ ಒಂಬತ್ತು ಸಲ ರಾಜ್ಯ ಚಾಂಪಿಯನ್ ಆಯಿತು.

ಲೆಕ್ಕ ಸರಳ. ಕೈಯಲ್ಲಿರುವ ಅವಕಾಶವನ್ನು ನಾವೇ ಯಾಕೆ ಬಿಟ್ಟುಕೊಡಬೇಕು? ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ಕೂಡ 2006ರ ಲೇಖನದಲ್ಲಿ, ವೃತ್ತಿಪರ ತಂಡಗಳು ನಾಲ್ಕನೇ ಅವಕಾಶದಲ್ಲಿ ಅಗತ್ಯಕ್ಕಿಂತ ಹೆಚ್ಚು ಹಿಂಜರಿಯುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದ್ದರು.

ಹಾಗಂತ ಇದು ಮಂತ್ರದಂಡ ಅಲ್ಲ. ಕೆಲ್ಲಿ 2021ರಲ್ಲಿ ಒಂದು ಕಾಲೇಜು ತಂಡಕ್ಕೆ ಹೋದರು. ಆಡಿದ 11ರಲ್ಲಿ ಗೆದ್ದಿದ್ದು ಎರಡೇ.

ಮತ್ತೆ ಎಲ್ಲ ಕೋಚ್‌ಗಳೂ ಯಾಕೆ ಪಂಟ್ ಮಾಡ್ತಾರೆ? ನನಗನ್ನಿಸೋದು ಇಷ್ಟು. ಪಂಟ್ ಮಾಡಿ ಸೋತರೆ ಆಟಗಾರರು ಸೋತರು ಅಂತಾರೆ. ನುಗ್ಗಿ ಸೋತರೆ ಕೋಚ್ ಕಳೆದ ಅಂತಾರೆ. ಆಫೀಸಿನಲ್ಲೂ ಹಾಗೇ ಅಲ್ವಾ? ಮೀಟಿಂಗ್‌ನಲ್ಲಿ "ಮುಂದಿನ ರಿಲೀಸ್‌ನಲ್ಲಿ ನೋಡೋಣ" ಅಂತ ನಾನು ಎಷ್ಟು ಸಲ ಪಂಟ್ ಮಾಡಿದ್ದೀನೋ ಲೆಕ್ಕವಿಲ್ಲ. ಯಾರೂ ಬೈದಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. "ಅಣ್ಣ, ನಮಗೆ ಉಳಿದಿದ್ದೇ ಎರಡು ರೇಡು. ಒಂದನ್ನ ಖಾಲಿ ಬಂದಿದ್ರೆ, ಇನ್ನೊಂದ್ರಲ್ಲೇ ಮೂರು ಪಾಯಿಂಟ್ ಎಲ್ಲಿಂದ ತರ್ಲಿ?" ಅಂದ.

ಒಂದು ರೇಡ್‌ಗೆ ಇರೋದು 30 ಸೆಕೆಂಡು. ಸುತ್ತ ಅಷ್ಟು ಜನ ಕೂಗುತ್ತಿರುವಾಗ ಆ ಹುಡುಗ ಲೆಕ್ಕ ಹಾಕಿದ್ದ. ಇಂಜಿನಿಯರಿಂಗ್ ಓದಿದ ನಾನು ಹಾಕಿರಲಿಲ್ಲ. ತಪ್ಪಾಯ್ತು ಕಣೋ ಅಂದೆ.

ಮುಂದಿನ ಪಂದ್ಯಕ್ಕೆ ಅವನನ್ನು ಹೊರಗೆ ಕೂರಿಸುತ್ತಾರಂತೆ. ಈ ಭಾನುವಾರ ಊರಿಗೆ ಹೋಗ್ತಿದ್ದೀನಿ, ಹಿರಿಯರ ಹತ್ತಿರ ಮಾತಾಡೋಕೆ. ಅವರು ಒಪ್ತಾರೋ ಇಲ್ವೋ ಗೊತ್ತಿಲ್ಲ. ಆದರೆ ಈ ಸಲ ಗೆರೆ ದಾಟಿ ಸುಮ್ಮನೆ ವಾಪಸ್ ಬರಲ್ಲ.