ಪಾಂಪ್ಲೋನಾ ಬಲ್ಲೆವು, ಕರಿ ಮರೆತೆವು

ಭೋರ್ ಊರಿನ ಓಣಿಯೊಂದರಲ್ಲಿ, ಪೋಳದ ದಿನ, ನಾವು ತಲೆ ತಗ್ಗಿಸಿದ ಪ್ರಸಂಗವಿದು. ಕೇಂದ್ರ ಸರ್ಕಾರದ ನೌಕರಿಗೆಂದು ಪುಣೆಯಲ್ಲಿ ನೆಲೆಸಿದ ನಾಲ್ಕು ಕನ್ನಡ ಕುಟುಂಬಗಳು ಪಂತ ಸಚಿವರ ವಾಡೆ ನೋಡಲೆಂದು ಅಲ್ಲಿಗೆ ಹೋಗಿದ್ದೆವು. ಹಲಗೆಯ ಬಡಿತ ಕೇಳಿಸಿತು. ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು, ಜೂಲು ಹೊದ್ದು ಎತ್ತುಗಳು ಬಂದವು. ಹೊಸ್ತಿಲಲ್ಲಿ ಹೆಂಗಸರು ಆರತಿ ಬೆಳಗಿ ಹೋಳಿಗೆ ತಿನ್ನಿಸುತ್ತಿದ್ದರು. ವೃದ್ಧ ರೈತರೊಬ್ಬರು ಮರಾಠಿಯಲ್ಲಿ ಕೇಳಿದರು: “ನಿಮ್ಮ ಕಡೆ ಈ ಹಬ್ಬಕ್ಕೆ ಏನನ್ನುತ್ತಾರೆ?” ನಾವು ಬಾಯಿ ತೆರೆಯುವ ಮೊದಲೇ ನಮ್ಮ ಮಕ್ಕಳಲ್ಲೊಬ್ಬಳು ಹೇಳಿದಳು: “ಸ್ಪೇನಿನಲ್ಲಿ ಇಂಥದ್ದೇ ಇದೆ ಅಜ್ಜಾ, ಸಿನಿಮಾದಲ್ಲಿ ನೋಡಿದ್ದೇನೆ.”

ತಪ್ಪು ಆ ಹುಡುಗಿಯದಲ್ಲ. ಇಂಗ್ಲಿಷ್ ಎಂ.ಎ. ಓದಿದ ನಾವು ಹೆಮಿಂಗ್ವೇಯ 1926ರ ಕಾದಂಬರಿ ಹಿಡಿದು ಪಾಂಪ್ಲೋನಾದ ಬೀದಿಗಳನ್ನು ಸುತ್ತಿದವರು. ಜುಲೈ 7ರಿಂದ 14ರವರೆಗೆ ಪ್ರತಿದಿನ ಬೆಳಿಗ್ಗೆ 8ಕ್ಕೆ ಅಲ್ಲಿ ಗೂಳಿಗಳನ್ನು ಬಿಡುತ್ತಾರೆಂಬುದು ನಮಗೆ ಬಾಯಿಪಾಠ. 2011ರ ‘ಜಿಂದಗೀ ನಾ ಮಿಲೇಗೀ ದೊಬಾರಾ’ ನೋಡಿದ ಮೇಲಂತೂ ಆ ಓಟ ಕಾಣುವುದೇ ಜನ್ಮಸಾರ್ಥಕವೆಂದು ಹಂಬಲಿಸುವವರು ನಮ್ಮಲ್ಲಿದ್ದಾರೆ. ಆದರೆ ಜ್ಯೇಷ್ಠಮಾಸದ ಕಾರ ಹುಣ್ಣಿಮೆಯ ಸಂಜೆ ಅಜ್ಜಂದಿರ ಊರಿನ ಅಗಸೆಯಲ್ಲಿ ಕರಿ ಕಟ್ಟಿ ಎತ್ತುಗಳನ್ನು ಓಡಿಸುತ್ತಿದ್ದುದನ್ನು, ಬಿಳಿ ಎತ್ತು ಕರಿ ಹರಿದರೆ ಹಿಂಗಾರಿ, ಕೆಂದೆತ್ತು ಹರಿದರೆ ಮುಂಗಾರಿ ಎಂದು ಹಿರಿಯರು ಬೆಳೆಯ ಲೆಕ್ಕ ಹಾಕುತ್ತಿದ್ದುದನ್ನು ಮಕ್ಕಳಿಗೆ ಹೇಳಲಿಲ್ಲ. ಹಳ್ಳಿಗರ ಗದ್ದಲವೆಂದು ಬದಿಗಿಟ್ಟೆವು. ಕೊಲ್ಲಾಪುರದ ಸೀಮೆಯಲ್ಲಿ ಮರಾಠಿಗರು ಅದೇ ಹುಣ್ಣಿಮೆಯ ಎತ್ತಿನ ಹಬ್ಬವನ್ನು ಇಂದಿಗೂ ‘ಕರ್ನಾಟಕಿ ಬೇಂದೂರ’ ಎನ್ನುತ್ತಾರೆ. ನಮ್ಮ ಹೆಸರನ್ನು ಅವರು ಉಳಿಸಿಕೊಂಡಿದ್ದಾರೆ. ಹಬ್ಬವನ್ನು ನಾವು ಕಳೆದುಕೊಂಡಿದ್ದೇವೆ.

ಕರಿಯ ಓಟದಲ್ಲಿಯೂ ಬಾರುಕೋಲು ಬೀಸುವುದಿಲ್ಲವೇ, ಜನ ಗಾಯಗೊಳ್ಳುವುದಿಲ್ಲವೇ ಎಂದು ಕೇಳಬಹುದು. ಹೌದು, ಅದು ನಿಲ್ಲಲೇಬೇಕು. ನಮ್ಮದೇ ಶ್ರೇಷ್ಠವೆಂದು ತೊಡೆ ತಟ್ಟುವ ಇಚ್ಛೆ ನಮಗಿಲ್ಲ. ಆದರೂ ಒಂದು ಮಾತನ್ನು ಹೇಳದಿರಲಾರೆವು: ಪಾಂಪ್ಲೋನಾದಲ್ಲಿ ಬೆಳಿಗ್ಗೆ ಓಡಿದ ಗೂಳಿ ಅಂದೇ ಸಂಜೆ ಕಾಳಗದ ಕಣದಲ್ಲಿ ಸಾಯುತ್ತದೆ, ನಮ್ಮ ಎತ್ತು ಕೊಟ್ಟಿಗೆಗೆ ಮರಳುತ್ತದೆ, ಮತ್ತೆ ನೊಗ ಹೊರುತ್ತದೆ. ಅಲ್ಲಿ ಸಾಹಸ, ಇಲ್ಲಿ ಋಣ. ಸಾಹಸವನ್ನು ಹಣ ತೆತ್ತು ನೋಡಿ ಬರಬಹುದು. ಋಣವನ್ನು ಉಂಡವರೇ ತೀರಿಸಬೇಕು.

ಹೊರನಾಡಿನಲ್ಲಿ ಎತ್ತೆಲ್ಲಿ, ಅಗಸೆಯೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ನವೆಂಬರ್ ಬಂತೆಂದರೆ ಬಾಡಿಗೆಯ ಸಭಾಂಗಣ, ಭಾಷಣ, ವಾದ್ಯಗೋಷ್ಠಿ, ಊಟ: ಅಲ್ಲಿಗೆ ನಮ್ಮ ಕನ್ನಡತನದ ವಾರ್ಷಿಕ ಲೆಕ್ಕ ಚುಕ್ತಾ. ಬಾಗಿಲು ಮುಚ್ಚಿ ಆಚರಿಸಿದ ಹಬ್ಬವನ್ನು ನೆರೆಯವರು ಅರಿಯರು, ಮಕ್ಕಳು ನೆನೆಯರು. ಕಾರ ಹುಣ್ಣಿಮೆಯ ಬೆನ್ನಿಗೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎತ್ತಿಲ್ಲದವರಿಗೂ ಎಟಕುವ ಹಬ್ಬವದು. ಹಿಡಿ ಮಣ್ಣು ಸಾಕು. ವಸತಿ ಸಮುಚ್ಚಯದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಮಣ್ಣೆತ್ತು ಮಾಡಿಸೋಣ, ಮರಾಠಿ ಮಕ್ಕಳನ್ನೂ ಕರೆಯೋಣ. ಸಭಾಂಗಣದ ಬಾಡಿಗೆಯೂ ಉಳಿದೀತು.

ಅಂದು ಆ ಹಿರಿಯರಿಗೆ ನಾವು ಸರಿಯಾದ ಉತ್ತರ ಕೊಡದೆಯೇ ಬಂದೆವು. ಮುಂದಿನ ಪೋಳಕ್ಕೆ ಮತ್ತೆ ಭೋರಿಗೆ ಹೋಗಲಿದ್ದೇವೆ, ಕ್ಯಾಮೆರಾ ಮನೆಯಲ್ಲಿಟ್ಟು, ಬುತ್ತಿಯಲ್ಲಿ ಎತ್ತುಗಳಿಗೆ ಹೋಳಿಗೆ ಕಟ್ಟಿಕೊಂಡು. ಅವರು ಮತ್ತೆ ಕೇಳಿದರೆ, ಕಾರ ಹುಣ್ಣಿಮೆ ಎಂಬ ಹೆಸರನ್ನು ಆ ಹುಡುಗಿಯೇ ಹೇಳಬೇಕು. ಅಷ್ಟರೊಳಗೆ ಅವಳಿಗೆ ಅದನ್ನು ಕಲಿಸುವ ಹೊಣೆ ನಮ್ಮದು.