‘ಬದ್ಲಿ ಮಾಡಿ ನೋಡೂಣ್ರಿ’ ಅಂದರೆ ಗಾಡಿ ಕೀ ವಾಪಸ್ ತಗೊಳ್ಳಿ

ರಾಯಾಪುರದ ಹತ್ತಿರ ಪಿ.ಬಿ. ರೋಡಿನಲ್ಲಿ ನನ್ನ ಆಲ್ಟೊ ಎಂಟು ದಿನದಲ್ಲಿ ಐದು ಸಲ ಬಂದ್ ಬಿತ್ತು. 2008ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಓಡುವಾಗ ಏನೂ ತಕರಾರಿಲ್ಲ. ಸಿಗ್ನಲ್‌ನಲ್ಲೋ ಹಂಪ್‌ನಲ್ಲೋ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮಾತ್ರ ಗಡಗಡ ನಡುಗಿ ಬಂದ್. ಐದನೇ ಸಲ ಪಕ್ಕದ ಸೀಟಿನಲ್ಲಿ ಅಪ್ಪ ಇದ್ದರು, ಆಸ್ಪತ್ರೆಗೆ ಹೊರಟಿದ್ದೆವು. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು.

ಇದು ಬರೀ ಕಿರಿಕಿರಿಯ ವಿಷಯ ಅಲ್ಲ. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಬಲವೂ ನಿಲ್ಲುತ್ತದೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಇಳಿಜಾರಿನಲ್ಲಿ ಹೀಗಾದರೆ ಏನು ಗತಿ, ನೀವೇ ಯೋಚಿಸಿ.

ಮೊದಲ ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ಹೇಳಿದರು: “ಪೆಟ್ರೋಲ್ ಪಂಪ್ ವೀಕ್ ಆಗೇತ್ರಿ ಸರ್, ಬದ್ಲಿ ಮಾಡಿ ನೋಡೂಣ್ರಿ.” ಮಾಡಿಸಿದೆ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ಎರಡನೇ ಗ್ಯಾರೇಜಿನಲ್ಲಿ ಪ್ಲಗ್, ಕಾಯಿಲ್ ಬದಲಾದವು. ಮೂರನೆಯವರು ತಲೆ ಅಲ್ಲಾಡಿಸಿ, “ಇಸಿಎಂ ಹೋಗೇತ್ರಿ” ಅಂದರು. ಅಂದರೆ ಗಾಡಿಯ ಕಂಪ್ಯೂಟರ್. ಅಷ್ಟರಲ್ಲಿ ನನ್ನ ಎಂಟು ಸಾವಿರ ಖಾಲಿಯಾಗಿತ್ತು. ಒಂದು ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ದುಡಿಯುವ ಸ್ಟ್ರಿಂಗರ್‌ಗೆ ಎಂಟು ಸಾವಿರ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದರು: “ಯಾವಾಗ ಬಂದ್ ಬೀಳತೇತ್ರಿ? ತಣ್ಣಗಿದ್ದಾಗೋ, ಬಿಸಿ ಆದಮ್ಯಾಗೋ? ಎಸಿ ಹಚ್ಚಿದಾಗ ಹೆಚ್ಚಾಗತೇತೇನು?” ಹಿಂದಿನ ಮೂವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಥ್ರಾಟಲ್ ಬಾಡಿ ಬಿಚ್ಚಿದರೆ ಒಳಗೆ ಕಾಡಿಗೆಯಂಥ ಕಾರ್ಬನ್. ಪಕ್ಕದಲ್ಲಿ ಗಟ್ಟಿಯಾಗಿ ಸೀಳಿದ ಒಂದು ರಬ್ಬರ್ ಹೋಸ್. ಮುಕ್ಕಾಲು ಗಂಟೆ ಕೆಲಸ, 410 ರೂಪಾಯಿ. ಗಾಡಿ ಇವತ್ತಿಗೂ ಸರಿಯಾಗಿದೆ.

ಪತ್ತೆ ಮಾಡದೆ ಬದಲಿಸುವುದು ರಿಪೇರಿ ಅಲ್ಲ, ಜೂಜು. ಆಡುವವರು ಅವರು, ಸೋಲುವ ರೊಕ್ಕ ನಮ್ಮದು.

ಕಾರ್ಬೊರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿದರೆ ಐಡ್ಲಿಂಗ್ ಕೂರುತ್ತಿತ್ತು. ಇಂಜೆಕ್ಷನ್ ಗಾಡಿ ಹಾಗಲ್ಲ. ಕಾಲು ತೆಗೆದಾಗ ಥ್ರಾಟಲ್ ಬಾಗಿಲು ಬಹುಪಾಲು ಮುಚ್ಚುತ್ತದೆ. ಆಗ ಇಂಜಿನ್ ಉಸಿರಾಡುವುದು ಪಕ್ಕದ ಒಂದು ಸಣ್ಣ ದಾರಿಯಿಂದ. ಆ ದಾರಿಯನ್ನು ಎಷ್ಟು ತೆರೆಯಬೇಕು ಅಂತ ಇಸಿಎಂ ಹೇಳುತ್ತದೆ, ಐಡಲ್ ವಾಲ್ವ್ ತೆರೆಯುತ್ತದೆ. ಅಲ್ಲಿ ಕಾರ್ಬನ್ ಕಟ್ಟಿದರೆ ಉಸಿರು ಕಟ್ಟುತ್ತದೆ, ಗಾಡಿ ಬಂದ್ ಬೀಳುತ್ತದೆ. ಹೋಸ್ ಸೀಳಿದ್ದರೆ ಬೇಡದ ಗಾಳಿ ನುಗ್ಗಿ ಐಡ್ಲಿಂಗ್ ಹತೋಟಿ ತಪ್ಪುತ್ತದೆ.

ಆದ್ದರಿಂದ ಗಾಡಿ ಯಾವಾಗ ನಿಲ್ಲುತ್ತದೆ ಅನ್ನುವುದೇ ಅರ್ಧ ಉತ್ತರ. ಗ್ಯಾರೇಜಿಗೆ ಹೋಗುವ ಮೊದಲು ಇದನ್ನು ಗಮನಿಸಿ ಬರೆದಿಟ್ಟುಕೊಳ್ಳಿ.

ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ತೊಂದರೆಯೇ? ಇಂಜಿನ್ ಬಿಸಿ ಅಳೆಯುವ ಸೆನ್ಸರ್ ಮತ್ತು ಐಡಲ್ ವಾಲ್ವ್ ಮೊದಲು ನೋಡಬೇಕು.

ಬಿಸಿಯಾದ ಮೇಲೆ ಓಡುತ್ತಿರುವಾಗಲೇ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯೇ? ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್, ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ.

ಕಾಲು ತೆಗೆದಾಗ, ಎಸಿ ಹಾಕಿದಾಗ ಮಾತ್ರವೇ? ಕಾರ್ಬನ್, ಐಡಲ್ ವಾಲ್ವ್, ಹೋಸ್. ಜೊತೆಗೆ ಬ್ಯಾಟರಿ ಟರ್ಮಿನಲ್, ಅರ್ತ್ ವಯರ್ ಸಡಿಲವಿದೆಯೇ ನೋಡಿ. ಅದಕ್ಕೆ ಖರ್ಚೇ ಇಲ್ಲ.

ಸದಾ ಮಿಸ್ಸಿಂಗ್ ಹೊಡೆಯುತ್ತದೆಯೇ? ಪ್ಲಗ್, ಪ್ಲಗ್ ವಯರ್, ಕಾಯಿಲ್, ಇಂಜೆಕ್ಟರ್.

ರೇಸ್ ಕೊಟ್ಟರೂ ಏರಿನಲ್ಲಿ ಎಳೆಯುವುದಿಲ್ಲವೇ? ಆಗ ಫಿಲ್ಟರ್, ಪಂಪ್. ಅದನ್ನೂ ಗೇಜ್ ಹಾಕಿ ಪ್ರೆಷರ್ ಅಳೆದೇ ಹೇಳಬೇಕು. ನನ್ನ ಗಾಡಿ ಏರಿನಲ್ಲಿ ಚೆನ್ನಾಗಿ ಎಳೆಯುತ್ತಿತ್ತು. ಹೆಚ್ಚು ಪೆಟ್ರೋಲ್ ಬೇಕಾದಾಗ ಸಾಲುವ ಪಂಪ್, ಕಡಿಮೆ ಬೇಕಾದಾಗ ಸಾಲುವುದಿಲ್ಲ ಅಂದರೆ ನಂಬುವುದು ಹೇಗೆ? ಇಷ್ಟು ಯೋಚಿಸಿದ್ದರೆ ನನ್ನ ರೊಕ್ಕ ಉಳಿಯುತ್ತಿತ್ತು.

“ಸ್ಕ್ಯಾನರ್ ಹಾಕೇವ್ರಿ, ಸೆನ್ಸರ್ ತೋರಿಸೇತಿ” ಅನ್ನುವವರೂ ಇದ್ದಾರೆ. ಸ್ಕ್ಯಾನರ್ ಹೇಳುವುದು ಯಾವ ಕಡೆಯ ರೀಡಿಂಗ್ ತಪ್ಪಿದೆ ಅಂತ, ಯಾವ ಪಾರ್ಟ್ ಕೊಳ್ಳಬೇಕು ಅಂತ ಅಲ್ಲ. ಆಕ್ಸಿಜನ್ ಸೆನ್ಸರ್ ಕೋಡ್ ಬಂದರೂ ತಪ್ಪು ಸೀಳಿದ ಹೋಸಿನದ್ದಿರಬಹುದು. ಥ್ರಾಟಲ್ ಕೊಳೆಯಾಗಿದ್ದರೆ ಎಷ್ಟೋ ಸಲ ಕೋಡೇ ಬರುವುದಿಲ್ಲ. ಇನ್ನು ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಹಳೆಯ ಗಾಡಿಗಳಿಗೆಲ್ಲ ಕೂಡುವುದಿಲ್ಲ.

ಹಾಗಂತ ತಪ್ಪೆಲ್ಲ ಮೆಕ್ಯಾನಿಕ್‌ಗಳದ್ದು ಅಂತ ಬರೆದು ಕೈ ತೊಳೆದುಕೊಳ್ಳಲಾರೆ. ಒಂದು ಗಂಟೆ ಹುಡುಕಿ, “ಇಲ್ಲಿ ಹೋಸ್ ಸೀಳೇತ್ರಿ” ಅಂತ ತೋರಿಸಿದವರಿಗೆ ನಾವು ಏನು ಕೊಡುತ್ತೇವೆ? “ಅರವತ್ತು ರೂಪಾಯಿ ಹೋಸಿಗೆ ಇಷ್ಟ್ಯಾಕ?” ಅಂತ ಜಗಳ ತೆಗೆಯುತ್ತೇವೆ. ಅದೇ ಐದು ಸಾವಿರದ ಪಾರ್ಟ್ ಹಾಕಿದರೆ ಸುಮ್ಮನೆ ಫೋನ್‌ಪೇ ಮಾಡುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿ ಇಲ್ಲ, ಪಾರ್ಟ್ ಮಾರಿದರೆ ಲಾಭ ಇದೆ ಅಂದಾಗ ಅವರು ಪಾರ್ಟ್ ಮಾರುತ್ತಾರೆ. ಈ ಚಾಳಿ ಕಲಿಸಿದವರಲ್ಲಿ ನಾವೂ ಇದ್ದೇವೆ.

ಕಂಪನಿಗಳ ಪಾಲೂ ಇದೆ. ರಿಪೇರಿ ಮಾಹಿತಿ, ಡಯಾಗ್ನೋಸ್ಟಿಕ್ ಉಪಕರಣ, ಬಿಡಿಭಾಗಗಳು ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದಾರೆ ಅಂತ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಅದಕ್ಕೆ ಕಾರಣ ಒಬ್ಬ ಗ್ರಾಹಕ ಕೊಟ್ಟ ದೂರು. ಕಂಪನಿಗಳು ಮೇಲ್ಮನವಿ, ಕೋರ್ಟು ಅಂತ ಓಡಾಡಿದವು. 2022ರಲ್ಲಿ ಕೇಂದ್ರ ಸರ್ಕಾರ ‘ರಿಪೇರಿ ಹಕ್ಕು’ ಅಂತ ಸಮಿತಿ ಮಾಡಿ, ಪೋರ್ಟಲ್ ತೆರೆಯಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ಪೋರ್ಟಲ್ ಇದ್ದರೆ ಸಾಲದು. ತಗಡಿನ ಶೆಡ್ಡಿನ ಮಿಸ್ತ್ರಿಗೆ ಕನ್ನಡದಲ್ಲಿ ಸರ್ವಿಸ್ ಪುಸ್ತಕ ಸಿಕ್ಕಾಗ ಮಾತ್ರ ಅದು ಹಕ್ಕು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು. ಮೊದಲು, ‘ನೋಡುವ ಚಾರ್ಜ್ ಎಷ್ಟು’ ಅಂತ ಕೇಳಿ, ಅದನ್ನು ಬೇರೆಯಾಗಿ ಕೊಡಿ. ಎರಡು, ಪಾರ್ಟ್ ಬದಲಿಸುವ ಮೊದಲು ‘ಇದೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತು’ ಅಂತ ಕೇಳಿ. ಅಳೆದು ತೋರಿಸಲಿ. ಮೂರು, ತೆಗೆದ ಹಳೆಯ ಪಾರ್ಟ್ ವಾಪಸ್ ಇಸ್ಕೊಳ್ಳಿ. ನಾಲ್ಕು, ಬಿಲ್ ಬಿಡಬೇಡಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ವ್ಯಾಪಾರ ಪದ್ಧತಿ. ಮೋಸ ಆಗಿದ್ದರೆ 1915ಕ್ಕೆ ಫೋನ್ ಮಾಡಿ. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ.

ಒಂದು ಎಚ್ಚರಿಕೆ: ಯೂಟ್ಯೂಬ್ ನೋಡಿ ಬಿಸಿ ಇಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕಬೇಡಿ. ಬೆಂಕಿ ಹತ್ತುತ್ತದೆ.

ಆ ಹಿರಿಯ ಮಿಸ್ತ್ರಿಗೆ 410ರ ಮೇಲೆ 300 ರೂಪಾಯಿ ಕೊಡಲು ಹೋದೆ. “ಯಾಕ್ರಿ ಸರ್? ನೋಡಿದ್ದಕ್ಕ ಯಾರೂ ರೊಕ್ಕ ಕೊಡಂಗಿಲ್ರಿ” ಅಂತ ಕೈ ಹಿಂದೆ ಎಳೆದುಕೊಂಡರು. ನಲವತ್ತು ವರ್ಷದ ಅನುಭವದಿಂದ ಬಂದ ಮಾತು ಅದು. ಕಿಸೆಯಲ್ಲಿ ತುರುಕಿ ಬಂದೆ. ಮುಂದಿನ ಸಲ ನಿಮ್ಮ ಗಾಡಿ ನಡುಗಿದಾಗ ನೀವೂ ಹಾಗೆ ಮಾಡಿ. ನಮ್ಮೂರಲ್ಲಿ ಹುಡುಕುವ ಮಿಸ್ತ್ರಿಗಳು ಉಳಿಯಬೇಕಾದರೆ ನೋಡಿದ್ದಕ್ಕೂ ರೊಕ್ಕ ಕೊಡಬೇಕು.