ಬಸುರಿಗೆ ಯಾಕೆ ಉಪವಾಸ?



ಬೇವಿನ ಗಿಡ ಹಳೆಯ ಎಲೆಯನ್ನೆಲ್ಲ ಉದುರಿಸಿ ಎಳೆ ಚಿಗುರು ಬಿಡುವ ಹೊತ್ತಿಗೆ ನಮ್ಮ ಅನಗೋಳದ ಓಣಿಯಲ್ಲಿ ಸಾಲುಸಾಲು ಹಬ್ಬ. ಹುಡುಗರಿಗೆ ಹೋಳಿ, ನೆರೆಮನೆಯವರಿಗೆ ಯುಗಾದಿ, ನಮಗೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಚರ್ಚಿನಲ್ಲಿ ಕೊಂಕಣಿ ಎಂದು ಬಾಳುವ ನಮಗೆ ಇದೇನು ಹೆಚ್ಚಲ್ಲ ಬಿಡಿ.

2025ರಲ್ಲಿ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂದಿತ್ತು. ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ನನ್ನ ಸೊಸೆ ರಾತ್ರಿ ಊಟಕ್ಕೆ ಕರೆದರೆ ಏಳಲಿಲ್ಲ.

"ಅತ್ತಿ, ಈಸ್ಟರ್ ತನಕಾ ನಾ ಒಪ್ಪತ್ತ ಉಣ್ಣಾಕೀರಿ. ಹರಕಿ ಹೊತ್ತೀನಿ" ಎಂದಳು.

ಆಗ ಆಕೆಗೆ ನಾಲ್ಕು ತಿಂಗಳು. ಹಿಂದಿನ ವರ್ಷ ಇದೇ ಬೇಸಿಗೆಯಲ್ಲಿ ಐದನೆಯ ತಿಂಗಳಿಗೆ ಬಸಿರು ಹೋಗಿತ್ತು. ಖಾನಾಪುರದ ತವರಿನವರು ಕುಬಸಕ್ಕೆಂದು ತಂದಿಟ್ಟಿದ್ದ ಹಸಿರು ಸೀರೆ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಯೇ ಉಳಿದಿತ್ತು. ಅವಳಿಂದ ಏನೂ ತಪ್ಪಾಗಿಲ್ಲವೆಂದು ಡಾಕ್ಟರಮ್ಮ ಸಾರಿಸಾರಿ ಹೇಳಿದ್ದರು. ಆದರೆ ಮಾತಾಡಿಸಲು ಬಂದ ಹೆಂಗಸರ ಬಾಯಿ ಕಟ್ಟುವವರು ಯಾರು? "ದೇವರಿಗೆ ಏನಾರ ಕಡಿಮಿ ಮಾಡಿದ್ರೇನು?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಆ ಮಾತು ಹುಡುಗಿಯ ಹೊಟ್ಟೆಯೊಳಗೆ ಇಳಿದು ಕೂತಿತ್ತು.

ನಿಜ ಹೇಳುತ್ತೇನೆ, ಮೊದಲು ನನಗೆ ಹೆಮ್ಮೆಯೇ ಅನಿಸಿತು. 1990ರಲ್ಲಿ ಹಿರಿಯ ಮಗ ಹೊಟ್ಟೆಯಲ್ಲಿದ್ದಾಗ ನಾನೂ ಹೀಗೆಯೇ ಒಪ್ಪತ್ತು ಮಾಡಿದ್ದೆ. ನಮ್ಮ ಅತ್ತೆಯವರು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಹುಟ್ಟಿದಾಗ ಮಗು ಎರಡು ಕಿಲೋ ಕೂಡ ಇರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಉಪವಾಸದಿಂದಲೇ ಹಾಗಾಯಿತೋ ಇಲ್ಲವೋ ದೇವರೇ ಬಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದವಳೇ ಸೊಸೆಯ ತಾಯಿ ಕಾರ್ಡು ತೆಗೆದು ನೋಡಿದೆ. ರಕ್ತದ ಅಂಶ 9.2 ಎಂದಿತ್ತು. ಬಸುರಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ.

ಅವಳನ್ನು ಕರೆದುಕೊಂಡು ಫಾದರ್ ಹತ್ತಿರ ಹೋದೆ. ಅವರು ನಕ್ಕರು. ಈಗಿನ ನಿಯಮದಲ್ಲಿ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವರ್ಷದವರಿಗೆ. ಬಸುರಿ, ಬಾಣಂತಿ, ರೋಗಿಗಳಿಗೆ ಅದರಿಂದಲೂ ವಿನಾಯಿತಿ. "ನಿನ್ನ ಪಾಲಿನ ಉಪವಾಸ ನಿಮ್ಮ ಅತ್ತಿ ಮಾಡ್ತಾರವಾ" ಎಂದರು. ನನಗಾಗ ಐವತ್ತೆಂಟು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ!

ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಹೊಸದು. ತಪಸ್ಸುಕಾಲದ ನಡುವೆಯೇ ಸಾಮಾನ್ಯವಾಗಿ ಮಾರ್ಚ್ 25 ಬರುತ್ತದೆ. ಕ್ರಿಸ್‌ಮಸ್‌ಗೆ ಸರಿಯಾಗಿ ಒಂಬತ್ತು ತಿಂಗಳು ಮುಂಚೆ, ಮಾತೆ ಮರಿಯಮ್ಮನಿಗೆ ದೇವದೂತ ಬಂದು ಸುದ್ದಿ ತಿಳಿಸಿದ ಮಂಗಳವಾರ್ತೆಯ ಹಬ್ಬ. ಬೂದಿ, ಉಪವಾಸ, ಪಶ್ಚಾತ್ತಾಪಗಳ ನಡುವೆ ನಿಂತು ಧರ್ಮಸಭೆ ಒಬ್ಬ ಹೆಣ್ಣುಮಗಳು ಬಸುರಾದದ್ದನ್ನು ಹಬ್ಬ ಮಾಡುತ್ತದೆ! ಇಷ್ಟು ವರ್ಷ ಆ ಪೂಜೆಗೆ ಹೋದವಳಿಗೆ ಈ ಲೆಕ್ಕ ಹೊಳೆದಿರಲಿಲ್ಲ ನೋಡಿ.

ಸೊಸೆಗೆ ಮಾತ್ರ ಪೂರ್ತಿ ಸಮಾಧಾನವಾಗಲಿಲ್ಲ. "ಏನೂ ಕೊಡಲಿಲ್ಲಂದ್ರ ಹೆಂಗ್ರಿ ಅತ್ತಿ?" ಎಂದಳು. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅಡಿಗೆಗೆ ಅಕ್ಕಿ ಅಳೆಯುವಾಗ ದಿನಾ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ತಾನು ಎರಡು ಹೊತ್ತೂ ಹೊಟ್ಟೆತುಂಬ ಉಣ್ಣುವುದು.

ಉಣ್ಣುವುದು ಎಂದರೆ ಏನು ಉಣ್ಣುವುದು? ಮಾಂಸ ಬಿಟ್ಟ ಶುಕ್ರವಾರಗಳಿಗೆ ನಾನು ಮಾಡಿದ ಪಲ್ಯ ಹೇಳುತ್ತೇನೆ. ಒಂದು ಕಟ್ಟು ರಾಜಗಿರಿ ಸೊಪ್ಪು ತೊಳೆದು ಹೆಚ್ಚಿಕೊಳ್ಳಿ. ಅರ್ಧ ವಾಟಿ ಹೆಸರುಬೇಳೆ ಅರ್ಧ ತಾಸು ನೆನೆಸಿಡಿ. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಬೇಳೆ ಹಾಕಿ, ತುಸು ನೀರು ಚಿಮುಕಿಸಿ ಮುಚ್ಚಿಡಿ. ಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು, ಉಪ್ಪು. ಇಳಿಸುವಾಗ ಎರಡು ಚಮಚ ಶೇಂಗಾ ಪುಡಿ. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆ ಹಿಂಡಬೇಕು, ಸೊಪ್ಪಿನೊಳಗಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ಬಿಸಿ ಜೋಳದ ರೊಟ್ಟಿಯ ಜೊತೆ ಇದೇ ಹಬ್ಬದೂಟ.

ಸೊಪ್ಪೊಂದರಿಂದಲೇ ರಕ್ತ ಏರುವುದಿಲ್ಲ, ಅದೂ ಗೊತ್ತಿರಲಿ. ಸರಕಾರ ಕೊಡುವ ಕಬ್ಬಿಣದ ಮಾತ್ರೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ರಕ್ತ ಕಡಿಮೆಯಿದ್ದವರಿಗೆ ಡಾಕ್ಟರು ಹೆಚ್ಚು ಹೇಳುತ್ತಾರೆ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ, ನಡುವೆ ಎರಡು ತಾಸು ಬಿಡಿ. ರಕ್ತ ಕಡಿಮೆಯಿದ್ದ ಹೆಂಗಸು ಹೆರಿಗೆಯ ರಕ್ತಸ್ರಾವ ತಾಳುವುದಿಲ್ಲ. ಈ ರಕ್ತಸ್ರಾವದ ಬಗ್ಗೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ಹೆಂಗಸರಲ್ಲಿ ನಡೆದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆತ್ತ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದವರಲ್ಲಿ ಅತಿಯಾದ ರಕ್ತಸ್ರಾವ ಶೇಕಡಾ 6.4, ನುಂಗದವರಲ್ಲಿ 12. ನಮ್ಮ ಊರ ಬಾಣಂತಿಯರಿಂದ ಜಗತ್ತು ಕಲಿತ ಪಾಠವಿದು.

ಮಂಗಳವಾರ್ತೆಯ ವಾರದಲ್ಲಿ ಸೊಸೆ ಬಟ್ಟೆ ಒಗೆಯುತ್ತಿದ್ದವಳು ಕೈ ನಿಲ್ಲಿಸಿ ಕೂತಳು. ನನಗೆ ಎದೆ ಧಸಕ್ಕೆಂದಿತು. "ಏನಿಲ್ಲರಿ, ಒಳಗ ಮೀನ ತಿರಗಿಧಾಂಗ ಆಗ್ತೈತ್ರಿ. ಮೂರ ದಿನಾ ಆತು" ಎಂದಳು. ಹೇಳಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಮೂರು ದಿನ ಬಚ್ಚಿಟ್ಟುಕೊಂಡಿದ್ದಳಂತೆ! ಮರಿಯಮ್ಮ ಗುಡ್ಡದ ಊರಿಗೆ ಹೋಗಿ ಬಸುರಿ ಎಲಿಸಬೇತಳನ್ನು ಮಾತಾಡಿಸಿದಾಗ ಎಲಿಸಬೇತಳ ಕೂಸು ಒಳಗೇ ಕುಣಿದಾಡಿತಂತೆ, ಲೂಕನ ಸುವಾರ್ತೆಯಲ್ಲಿದೆ. ನಾನು ಏನೂ ಮಾತಾಡದೆ ಒಗೆಯುವ ಬಟ್ಟೆ ಕಸಿದುಕೊಂಡೆ.

ಈಸ್ಟರ್ ಏಪ್ರಿಲ್ 20ಕ್ಕೆ. ಹಿಂದಿನ ರಾತ್ರಿ ಚರ್ಚಿನ ದೀಪವೆಲ್ಲ ಆರಿಸಿ, ಹೊರಗೆ ಹೊತ್ತಿಸಿದ ಬೆಂಕಿಯಿಂದ ದೊಡ್ಡ ಮೇಣದಬತ್ತಿ, ಅದರಿಂದ ನಮ್ಮೆಲ್ಲರ ಬತ್ತಿ. ಅಕ್ಕಿ ಡಬ್ಬಿಯನ್ನು ಅವಳೇ ಒಯ್ದು ಕೊಟ್ಟಳು.

ಕುಬಸಕ್ಕೆ ಹೊಸ ಸೀರೆ ತರೋಣವೆಂದರೆ ಟ್ರಂಕಿನ ಆ ಹಸಿರು ಸೀರೆಯೇ ಬೇಕೆಂದಳು. ನಮ್ಮ ನಾದಿನಿ ಅಪಶಕುನವೆಂದು ಮುಖ ಸಿಂಡರಿಸಿದಳು. ಉಡಲಿ ಬಿಡು ಎಂದೆ. ಜೂನ್ ಮಳೆ ಸುರಿಯುವಾಗ ಅದನ್ನೇ ಉಟ್ಟು ಮಣೆಯ ಮೇಲೆ ಕೂತಳು.

ಆಗಸ್ಟಿನಲ್ಲಿ ಹೆಣ್ಣುಕೂಸು ಹುಟ್ಟಿತು. ಎರಡು ಕಿಲೋ ಎಂಟುನೂರು ಗ್ರಾಂ. ಡಬ್ಬಿಗೆ ಹಿಡಿ ಅಕ್ಕಿ ಈಗಲೂ ಬೀಳುತ್ತಿದೆ, ಬೇಡವೆಂದರೂ ಕೇಳುವುದಿಲ್ಲ ಆಕೆ.